ನಿರಾಶ್ರಿತರಲ್ಲಿ ಹೆಪಟೈಟಿಸ್ ಬಿ ತಪಾಸಣೆ: ಯಾಕೆ, ಹೇಗೆ, ಆಮೇಲೇನು?

ಮಡಿಕೇರಿ ದಾಟಿ ಕುಶಾಲನಗರದಿಂದ ಸ್ವಲ್ಪ ಮುಂದೆ ಹೋದರೆ ಬೈಲಕುಪ್ಪೆ ಸಿಗುತ್ತದೆ. ಕರಾವಳಿಯ ಎಷ್ಟೋ ಚರ್ಚ್‌ಗಳ ಯುವಜನರು, ಶಾಲಾ ಮಕ್ಕಳು, ಸ್ತ್ರೀ ಸಂಘಟನೆಯವರು ಅಲ್ಲಿಗೆ ಪ್ರವಾಸ ಹೋಗಿ ಬಂದಿದ್ದಾರೆ. ಸುವರ್ಣ ಮಂದಿರದ ದೊಡ್ಡ ಮೂರ್ತಿಗಳನ್ನು ನೋಡಿ, ಮೊಮೊ ತಿಂದು, ಫೋಟೋ ತೆಗೆದು ಸಂಜೆಗೆ ಬಸ್ ಹತ್ತುತ್ತೇವೆ. ಅಲ್ಲಿಯ ಜನರು ಯಾರು, ಅವರ ಕಷ್ಟಸುಖಗಳೇನು ಎಂದು ವಿಚಾರಿಸುವಷ್ಟು ಸಮಯ ನಮಗೆ ಸಿಗುವುದು ಕಡಿಮೆ.

1959ರಲ್ಲಿ ದಲೈ ಲಾಮಾ ಅವರು ಟಿಬೆಟ್ ತೊರೆದು ಭಾರತಕ್ಕೆ ಬಂದರು. ಅವರ ಹಿಂದೆಯೇ ಸುಮಾರು 80 ಸಾವಿರ ಮಂದಿ ಹಿಮಾಲಯ ದಾಟಿ ಬಂದರು. ಅವರಲ್ಲಿ ಒಂದು ದೊಡ್ಡ ಪಾಲಿಗೆ ಅಂದಿನ ಮೈಸೂರು ಸರಕಾರ ಭೂಮಿ ಕೊಟ್ಟಿತು. 1960ರ ದಶಕದ ಆರಂಭದಲ್ಲಿ ಬೈಲಕುಪ್ಪೆಯಲ್ಲಿ, 1966ರಲ್ಲಿ ನಮ್ಮದೇ ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡಿನಲ್ಲಿ, 1970ರ ದಶಕದಲ್ಲಿ ಹುಣಸೂರು ಮತ್ತು ಕೊಳ್ಳೇಗಾಲದ ಕಡೆ ಅವರ ವಸಾಹತುಗಳು ಆರಂಭವಾದವು. ಮುಸುಕಿನ ಜೋಳ ಬೆಳೆಯುತ್ತಾ, ಚಳಿಗಾಲದಲ್ಲಿ ಊರೂರಿಗೆ ಹೋಗಿ ಸ್ವೆಟರ್ ಮಾರುತ್ತಾ ಅವರು ಬದುಕು ಕಟ್ಟಿಕೊಂಡರು.

ಈ ಜನರ ಆರೋಗ್ಯದ ಬಗ್ಗೆ ಕೆಲಸ ಮಾಡುವವರು ಎರಡು ರೋಗಗಳ ಹೆಸರನ್ನು ಮತ್ತೆ ಮತ್ತೆ ಹೇಳುತ್ತಾರೆ. ಒಂದು ಕ್ಷಯ, ಇನ್ನೊಂದು ಹೆಪಟೈಟಿಸ್ ಬಿ. ಕ್ಷಯ ನಮಗೆಲ್ಲ ಗೊತ್ತು. ಎರಡನೆಯದರ ಬಗ್ಗೆ ನಮ್ಮಲ್ಲಿ ತಿಳಿವಳಿಕೆ ಕಡಿಮೆ, ಭಯ ಜಾಸ್ತಿ. ಆದ್ದರಿಂದ ಈ ಲೇಖನದಲ್ಲಿ ನಿರಾಶ್ರಿತರಲ್ಲಿ ಹೆಪಟೈಟಿಸ್ ಬಿ ತಪಾಸಣೆಯನ್ನು ಯಾಕೆ ಮಾಡಬೇಕು, ಹೇಗೆ ಮಾಡಬೇಕು, ಅದರಿಂದ ನಾವು ಕಲಿಯಬೇಕಾದದ್ದೇನು ಎಂಬುದನ್ನು ವಿವರಿಸುತ್ತೇವೆ.

ಹೆಪಟೈಟಿಸ್ ಬಿ ಎಂದರೇನು?

ಹೆಪಟೈಟಿಸ್ ಎಂದರೆ ಪಿತ್ತಜನಕಾಂಗದ, ಅಂದರೆ ಲಿವರ್‌ನ ಉರಿಯೂತ. ಇದಕ್ಕೆ ಕಾರಣವಾಗುವ ವೈರಸ್‌ಗಳು ಹಲವು. ಮಳೆಗಾಲದಲ್ಲಿ ಕಲುಷಿತ ನೀರು, ಆಹಾರದಿಂದ ಬರುವ ಕಾಮಾಲೆ ಸಾಮಾನ್ಯವಾಗಿ ಎ ಅಥವಾ ಇ ವೈರಸ್‌ನದ್ದು. ಅದು ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಗುಣವಾಗುತ್ತದೆ. ಬಿ ವೈರಸ್‌ನ ದಾರಿಯೇ ಬೇರೆ. ಅದು ರಕ್ತ ಮತ್ತು ದೇಹದ್ರವಗಳ ಮೂಲಕ ಹರಡುತ್ತದೆ: ಹೆರಿಗೆಯ ಸಮಯದಲ್ಲಿ ತಾಯಿಯಿಂದ ಮಗುವಿಗೆ, ಪರೀಕ್ಷಿಸದ ರಕ್ತದಿಂದ, ಒಬ್ಬರಿಗೆ ಚುಚ್ಚಿದ ಸೂಜಿಯನ್ನು ಇನ್ನೊಬ್ಬರಿಗೆ ಬಳಸುವುದರಿಂದ, ಲೈಂಗಿಕ ಸಂಪರ್ಕದಿಂದ, ರೇಜರ್ ಅಥವಾ ಹಲ್ಲುಜ್ಜುವ ಬ್ರಶ್ ಹಂಚಿಕೊಳ್ಳುವುದರಿಂದ. ದೇಹದ ಹೊರಗೆ ಒಣಗಿದ ರಕ್ತದಲ್ಲಿಯೂ ಈ ವೈರಸ್ ಕನಿಷ್ಠ 7 ದಿನ ಬದುಕಬಲ್ಲದು.

ಜೊತೆಯಲ್ಲಿ ಊಟ ಮಾಡುವುದರಿಂದ, ಒಂದೇ ಬಟ್ಟಲು ಲೋಟ ಬಳಸುವುದರಿಂದ, ಕೈ ಕುಲುಕುವುದರಿಂದ, ಅಪ್ಪಿಕೊಳ್ಳುವುದರಿಂದ, ಕೆಮ್ಮು ಸೀನಿನಿಂದ ಇದು ಹರಡುವುದಿಲ್ಲ. ಮಗುವಿಗೆ ಲಸಿಕೆ ಕೊಟ್ಟಿದ್ದರೆ ಸೋಂಕಿರುವ ತಾಯಿ ಎದೆಹಾಲು ಕೊಡಬಹುದು.

ಈ ರೋಗದಲ್ಲಿ ಸೋಂಕು ತಗಲಿದ ವಯಸ್ಸು ಬಹಳ ಮುಖ್ಯ. ದೊಡ್ಡವರಾದ ಮೇಲೆ ತಗಲಿದರೆ 100 ಮಂದಿಯಲ್ಲಿ 95ಕ್ಕಿಂತ ಹೆಚ್ಚು ಮಂದಿಯ ದೇಹ ವೈರಸ್‌ನ್ನು ಆರು ತಿಂಗಳೊಳಗೆ ಹೊರಗೆ ಹಾಕುತ್ತದೆ. ಹುಟ್ಟುವಾಗಲೇ ತಾಯಿಯಿಂದ ತಗಲಿದ ಮಕ್ಕಳಲ್ಲಿ ಲೆಕ್ಕ ತಲೆಕೆಳಗಾಗುತ್ತದೆ: ಸುಮಾರು 90 ಮಂದಿಯಲ್ಲಿ ವೈರಸ್ ಹೆಚ್ಚಾಗಿ ಜೀವನಪೂರ್ತಿ ಉಳಿಯುತ್ತದೆ. ಹೀಗೆ ಉಳಿದ ವೈರಸ್ ಇಪ್ಪತ್ತು, ಮೂವತ್ತು ವರ್ಷ ಯಾವ ಸದ್ದೂ ಮಾಡದೆ ಇರಬಹುದು. ಜ್ವರವಿಲ್ಲ, ಕಾಮಾಲೆಯಿಲ್ಲ, ನೋವಿಲ್ಲ. ಒಳಗೊಳಗೆ ಲಿವರ್ ಗಟ್ಟಿಯಾಗುತ್ತಾ ಹೋಗುತ್ತದೆ. ಕೆಲವರಿಗೆ ಸಿರೋಸಿಸ್, ಕೆಲವರಿಗೆ ಲಿವರ್ ಕ್ಯಾನ್ಸರ್ ಬರುತ್ತದೆ. ಹೊಟ್ಟೆಯಲ್ಲಿ ನೀರು ತುಂಬಿ ಆಸ್ಪತ್ರೆಗೆ ಬರುವ ಹೊತ್ತಿಗೆ ತಡವಾಗಿರುತ್ತದೆ. ಕುಡಿತವನ್ನೇ ಮುಟ್ಟದವರು ಲಿವರ್ ಕಾಯಿಲೆಯಿಂದ ತೀರಿಹೋದಾಗ ಊರಲ್ಲಿ ಮಾತಾಡಿಕೊಳ್ಳುವುದುಂಟು. ಅಂಥ ಸಾವುಗಳಲ್ಲಿ ಎಷ್ಟೋ ಈ ವೈರಸ್‌ನಿಂದ ಆದವು.

ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ ಸುಮಾರು 25 ಕೋಟಿ 40 ಲಕ್ಷ ಮಂದಿ ಈ ಸೋಂಕಿನೊಂದಿಗೆ ಬದುಕುತ್ತಿದ್ದರು. ಅವರಲ್ಲಿ ತಮಗೆ ಸೋಂಕಿದೆ ಎಂದು ತಿಳಿದಿದ್ದವರು ಶೇಕಡಾ 13 ಮಾತ್ರ. ಚಿಕಿತ್ಸೆ ಪಡೆಯುತ್ತಿದ್ದವರು ಶೇಕಡಾ 3ರಷ್ಟು. ಆ ಒಂದೇ ವರ್ಷ 11 ಲಕ್ಷ ಮಂದಿ ಇದರಿಂದ ಸತ್ತರು. ಭಾರತದಲ್ಲೇ ಸುಮಾರು 3 ಕೋಟಿ ಸೋಂಕಿತರಿದ್ದಾರೆಂದು ಅಂದಾಜು.

ನಿರಾಶ್ರಿತರಲ್ಲಿ ಹೆಚ್ಚು ಯಾಕೆ?

'ಕ್ಯಾಂಪ್‌ನಲ್ಲಿ ಇರುವವರು, ಶುಚಿತ್ವ ಸಾಲದು, ಅದಕ್ಕೇ ರೋಗ' ಎಂದು ಹೇಳುವವರಿದ್ದಾರೆ. ಹೆಪಟೈಟಿಸ್ ಬಿ ವಿಷಯದಲ್ಲಿ ಇದು ತಪ್ಪು. ಇದು ಕೊಳಕಿನಿಂದ ಬರುವ ರೋಗವಲ್ಲ. ಒಬ್ಬ ವ್ಯಕ್ತಿ ಎಲ್ಲಿ, ಯಾವ ಕಾಲದಲ್ಲಿ ಹುಟ್ಟಿದ, ಹುಟ್ಟಿದ ದಿನ ಲಸಿಕೆ ಸಿಕ್ಕಿತೇ ಎಂಬುದರ ಮೇಲೆ ಇದು ನಿಂತಿದೆ.

ಪೂರ್ವ ಮತ್ತು ಆಗ್ನೇಯ ಏಷ್ಯಾ ಹಾಗೂ ಆಫ್ರಿಕದ ಅನೇಕ ದೇಶಗಳಲ್ಲಿ ಈ ವೈರಸ್ ತಲೆತಲಾಂತರದಿಂದ ತಾಯಿಯಿಂದ ಮಗುವಿಗೆ, ಅಣ್ಣನಿಂದ ತಂಗಿಗೆ ದಾಟುತ್ತಾ ಬಂದಿದೆ. ಚೀನಾದಲ್ಲಿ 1992ರಲ್ಲಿ ನಡೆದ ದೊಡ್ಡ ಸಮೀಕ್ಷೆಯಲ್ಲಿ 100 ಮಂದಿಯಲ್ಲಿ ಸುಮಾರು 10 ಮಂದಿಗೆ ಸೋಂಕು ಕಂಡುಬಂದಿತ್ತು. ವಿಯೆಟ್ನಾಂ, ಕಾಂಬೋಡಿಯಾ, ಲಾವೋಸ್ ದೇಶಗಳಿಂದ 1975ರ ನಂತರ ದೋಣಿ ಹತ್ತಿ, ಕಾಡು ದಾಟಿ ಹೊರಬಿದ್ದ ನಿರಾಶ್ರಿತರನ್ನು ಅಮೆರಿಕದಲ್ಲಿ ಪರೀಕ್ಷಿಸಿದಾಗಲೂ 100ರಲ್ಲಿ 10ಕ್ಕಿಂತ ಹೆಚ್ಚು ಮಂದಿಯಲ್ಲಿ ಸೋಂಕು ಕಂಡಿತು. 1980ರಲ್ಲಿ ಫಾದರ್ ಪೆಡ್ರೊ ಅರುಪೆ ಅವರು ಜೆಸ್ವಿಟ್ ನಿರಾಶ್ರಿತರ ಸೇವೆಯನ್ನು ಆರಂಭಿಸಿದ್ದು ಇದೇ ದೋಣಿ ಜನರ ಪಾಡನ್ನು ಕಂಡು ಎಂಬುದನ್ನು ಇಲ್ಲಿ ನೆನಪಿಸಿಕೊಳ್ಳಬಹುದು.

ಭಾರತದ ಟಿಬೆಟನ್ ವಸಾಹತುಗಳಲ್ಲಿ ನಡೆದ ಅಧ್ಯಯನಗಳಲ್ಲಿಯೂ ಸೋಂಕಿನ ಪ್ರಮಾಣ ದೇಶದ ಸರಾಸರಿಗಿಂತ ಸ್ಪಷ್ಟವಾಗಿ ಹೆಚ್ಚು ಎಂದು ಕಂಡುಬಂದಿದೆ. ಅವರು ಬಿಟ್ಟುಬಂದ ನೆಲದಲ್ಲಿ ಈ ವೈರಸ್ ವ್ಯಾಪಕವಾಗಿತ್ತು. ಅವರು ಹೊರಟ ಕಾಲಕ್ಕೆ ವೈರಸ್ ಇನ್ನೂ ಪತ್ತೆಯಾಗಿರಲಿಲ್ಲ. ಅಮೆರಿಕದ ವಿಜ್ಞಾನಿ ಬರೂಚ್ ಬ್ಲೂಮ್‌ಬರ್ಗ್ ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬರ ರಕ್ತದಲ್ಲಿ ಇದರ ಸುಳಿವು ಕಂಡದ್ದು 1960ರ ದಶಕದಲ್ಲಿ. ಅದಕ್ಕೇ ಹಳೆಯ ಲ್ಯಾಬ್ ವರದಿಗಳಲ್ಲಿ 'ಆಸ್ಟ್ರೇಲಿಯಾ ಆಂಟಿಜನ್' ಎಂದು ಬರೆಯುತ್ತಿದ್ದರು. ಅವರಿಗೆ 1976ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಅವರ ಜನ್ಮದಿನವಾದ ಜುಲೈ 28ನ್ನೇ ವಿಶ್ವ ಹೆಪಟೈಟಿಸ್ ದಿನವಾಗಿ ಆಚರಿಸುತ್ತಾರೆ.

ನಿರಾಶ್ರಿತರಿಗೆ ಇನ್ನೂ ಒಂದು ಕಷ್ಟವಿದೆ. ಓಡಿ ಬರುವವರು ಲಸಿಕೆಯ ಕಾರ್ಡ್ ಹಿಡಿದುಕೊಂಡು ಬರುವುದಿಲ್ಲ. ದಾರಿಯಲ್ಲಿ ಹುಟ್ಟಿದ ಮಗುವಿಗೆ 24 ಗಂಟೆಯೊಳಗೆ ಲಸಿಕೆ ಕೊಡುವವರು ಇರುವುದಿಲ್ಲ. ಯಾರಿಗೆ ಏನು ಸಿಕ್ಕಿದೆ, ಏನು ಸಿಕ್ಕಿಲ್ಲ ಎಂದು ಹೇಳುವ ಪುಸ್ತಕವೇ ಇಲ್ಲದಿರುವಾಗ ರಕ್ತವನ್ನೇ ಕೇಳಬೇಕಾಗುತ್ತದೆ.

ಎಲ್ಲರಿಗೂ ಲಸಿಕೆ ಕೊಟ್ಟರೆ ಸಾಲದೇ?

ಇದು ನಮ್ಮಲ್ಲಿ ಅನೇಕರು ಕೇಳುವ ಪ್ರಶ್ನೆ. ಲಸಿಕೆ ಬಹಳ ಒಳ್ಳೆಯದು. ತೈವಾನ್ 1984ರಲ್ಲಿ ಹಸುಗೂಸುಗಳಿಗೆ ಲಸಿಕೆ ಆರಂಭಿಸಿ, ಮುಂದೆ ಅಲ್ಲಿಯ ಮಕ್ಕಳಲ್ಲಿ ಲಿವರ್ ಕ್ಯಾನ್ಸರ್ ಇಳಿದದ್ದನ್ನು ಜಗತ್ತೇ ನೋಡಿತು. ಆದರೆ ಈಗಾಗಲೇ ಸೋಂಕು ಇರುವವರಿಗೆ ಲಸಿಕೆಯಿಂದ ಪ್ರಯೋಜನವಿಲ್ಲ. ಹಾನಿಯೂ ಇಲ್ಲ, ಆದರೆ ಇನ್ನೊಂದು ಅಪಾಯ ಇದೆ. ಪರೀಕ್ಷೆ ಇಲ್ಲದೆ ಮೂರು ಇಂಜೆಕ್ಷನ್ ಪಡೆದವರು 'ನನಗೆ ಇನ್ನು ಚಿಂತೆಯಿಲ್ಲ' ಎಂದು ನಂಬಿ ಮನೆಗೆ ಹೋಗುತ್ತಾರೆ. ಒಳಗಿನ ವೈರಸ್ ತನ್ನ ಕೆಲಸ ಮುಂದುವರಿಸುತ್ತದೆ. ಆದ್ದರಿಂದ ಸೋಂಕು ಹೆಚ್ಚಿರುವ ಕಡೆಯಿಂದ ಬಂದವರಿಗೆ ಮೊದಲು ರಕ್ತದ ಮಾದರಿ ತೆಗೆಯಬೇಕು, ಅದೇ ದಿನ ಲಸಿಕೆಯ ಮೊದಲ ಡೋಸ್ ಕೊಡಬಹುದು. ವರದಿ ಬರಲಿ ಎಂದು ಕಾಯುತ್ತಾ ಕುಳಿತರೆ ಎಷ್ಟೋ ಮಂದಿ ಮತ್ತೆ ಸಿಗುವುದೇ ಇಲ್ಲ.

ಪರೀಕ್ಷೆಯಲ್ಲಿ ಏನೇನು ನೋಡುತ್ತಾರೆ?

ಒಂದೇ ಸಲ ತೆಗೆದ ರಕ್ತದಲ್ಲಿ ಮೂರು ಸಂಗತಿಗಳನ್ನು ನೋಡುವುದು ಉತ್ತಮ.

ಮೊದಲನೆಯದು ಎಚ್‌ಬಿಎಸ್‌ಎಜಿ, ಅಂದರೆ ವೈರಸ್‌ನ ಹೊರಕವಚದ ಅಂಶ. ಇದು ಪಾಸಿಟಿವ್ ಬಂದರೆ ವೈರಸ್ ಈಗ ದೇಹದಲ್ಲಿ ಇದೆ ಎಂದರ್ಥ. ಆರು ತಿಂಗಳಾದರೂ ಹೋಗದಿದ್ದರೆ ದೀರ್ಘಕಾಲದ ಸೋಂಕು ಎನ್ನುತ್ತಾರೆ.

ಎರಡನೆಯದು ಆ ಹೊರಕವಚದ ವಿರುದ್ಧ ದೇಹದಲ್ಲಿರುವ ಪ್ರತಿಕಾಯ. ಇದು ಸಾಕಷ್ಟು ಇದ್ದರೆ ರಕ್ಷಣೆ ಇದೆ ಎಂದರ್ಥ. ಲಸಿಕೆಯಿಂದ ಬಂದಿರಬಹುದು, ಹಿಂದೆ ಸೋಂಕು ಬಂದು ಗುಣವಾಗಿರಬಹುದು.

ಮೂರನೆಯದು ವೈರಸ್‌ನ ಒಳತಿರುಳಿನ ವಿರುದ್ಧದ ಪ್ರತಿಕಾಯ. ಇದು ಲಸಿಕೆಯಿಂದ ಬರುವುದಿಲ್ಲ. ಜೀವನದಲ್ಲಿ ಯಾವಾಗಲಾದರೂ ನಿಜವಾದ ವೈರಸ್ ಒಳಗೆ ಬಂದಿದ್ದರೆ ಮಾತ್ರ ಇರುತ್ತದೆ.

ಮೂರೂ ನೆಗೆಟಿವ್ ಆದರೆ ಸೋಂಕೂ ಇಲ್ಲ, ರಕ್ಷಣೆಯೂ ಇಲ್ಲ. ಲಸಿಕೆ ಪೂರ್ತಿ ಮಾಡಬೇಕು. ಮೊದಲನೆಯದು ಪಾಸಿಟಿವ್ ಆದರೆ ವೈದ್ಯರ ಬಳಿ ಮುಂದಿನ ಪರೀಕ್ಷೆಗೆ ಹೋಗಬೇಕು. ಅಮೆರಿಕದ ರೋಗ ನಿಯಂತ್ರಣ ಕೇಂದ್ರವು 2008ರಲ್ಲಿ, 100ರಲ್ಲಿ 2 ಅಥವಾ ಹೆಚ್ಚು ಮಂದಿಗೆ ಸೋಂಕಿರುವ ದೇಶಗಳಲ್ಲಿ ಹುಟ್ಟಿದ ಎಲ್ಲರನ್ನೂ ಪರೀಕ್ಷಿಸಬೇಕೆಂದು ಸಲಹೆ ಮಾಡಿತು. 2023ರಲ್ಲಿ ಇನ್ನೂ ಮುಂದೆ ಹೋಗಿ, 18 ವರ್ಷ ದಾಟಿದ ಪ್ರತಿಯೊಬ್ಬರೂ ಜೀವನದಲ್ಲಿ ಒಮ್ಮೆಯಾದರೂ ಈ ಮೂರು ಪರೀಕ್ಷೆ ಮಾಡಿಸಿಕೊಳ್ಳಲಿ ಎಂದಿತು.

ಎಲ್ಲರಿಗಿಂತ ಮೊದಲು ಪರೀಕ್ಷೆ ಆಗಬೇಕಾದವರು ಗರ್ಭಿಣಿಯರು. ತಾಯಿಗೆ ಸೋಂಕಿದೆ ಎಂದು ಮೊದಲೇ ತಿಳಿದರೆ ಮಗುವನ್ನು ಉಳಿಸಿಕೊಳ್ಳುವ ದಾರಿ ಇದೆ. ಹುಟ್ಟಿದ 24 ಗಂಟೆಯೊಳಗೆ ಮೊದಲ ಲಸಿಕೆ, ಜೊತೆಗೆ ಇಮ್ಯುನೊಗ್ಲಾಬ್ಯುಲಿನ್ ಇಂಜೆಕ್ಷನ್, ಆಮೇಲೆ ಉಳಿದ ಡೋಸ್‌ಗಳು. ತಾಯಿಯ ರಕ್ತದಲ್ಲಿ ವೈರಸ್ ಬಹಳ ಹೆಚ್ಚಿದ್ದರೆ ಗರ್ಭಾವಸ್ಥೆಯಲ್ಲೇ ಮಾತ್ರೆ ಕೊಡುತ್ತಾರೆ.

ಮನೆಯ ಉಳಿದವರನ್ನೂ ಬಿಡುವಂತಿಲ್ಲ. ಅಮೆರಿಕದಲ್ಲಿ ನೆಲೆಸಿದ ಆಗ್ನೇಯ ಏಷ್ಯಾದ ನಿರಾಶ್ರಿತರಿಗೆ ಅಲ್ಲಿಯೇ ಹುಟ್ಟಿದ ಮಕ್ಕಳನ್ನು 1980ರ ದಶಕದಲ್ಲಿ ಪರೀಕ್ಷಿಸಿದಾಗ, ತಾಯಿಗೆ ಸೋಂಕಿಲ್ಲದ ಮನೆಗಳಲ್ಲೂ ಕೆಲವು ಮಕ್ಕಳಿಗೆ ಸೋಂಕು ತಗಲಿತ್ತು. ಅಂದರೆ ಮನೆಯ ಬೇರೆಯವರಿಂದ, ಸಣ್ಣಪುಟ್ಟ ಗಾಯಗಳ ಮೂಲಕ ಬಂದಿತ್ತು. ಹಾಗಾಗಿ ಒಬ್ಬರಿಗೆ ಪಾಸಿಟಿವ್ ಬಂದರೆ ಗಂಡ ಹೆಂಡತಿ, ಮಕ್ಕಳು, ಅಣ್ಣ ತಮ್ಮಂದಿರು ಎಲ್ಲರಿಗೂ ಪರೀಕ್ಷೆ ಆಗಬೇಕು. ವಸತಿ ಶಾಲೆ, ಮಠಗಳಲ್ಲಿ ಒಟ್ಟಿಗೆ ಬೆಳೆಯುವ ಮಕ್ಕಳಿಗೂ ಇದೇ ಮಾತು.

ಬಾಗಿಲು ತೆರೆಯುವ ಪರೀಕ್ಷೆ, ಬಾಗಿಲು ಮುಚ್ಚುವ ಪರೀಕ್ಷೆ

ಈಗ ನಮ್ಮ ಊರಿನ ಕಡೆಗೆ ಬರೋಣ. ಕರಾವಳಿಯಲ್ಲಿ ಹೆಪಟೈಟಿಸ್ ಬಿ ಎಂಬ ಹೆಸರನ್ನು ಹೆಚ್ಚಿನವರು ಮೊದಲ ಬಾರಿ ಕೇಳುವುದು ಆಸ್ಪತ್ರೆಯಲ್ಲಿ ಅಲ್ಲ, ಗಲ್ಫ್‌ಗೆ ಹೋಗುವ ಮುನ್ನ ಮಾಡಿಸುವ 'ಮೆಡಿಕಲ್'ನಲ್ಲಿ. ಗಲ್ಫ್ ದೇಶಗಳ ಕೆಲಸದ ವೀಸಾಕ್ಕೆ ಮಾಡುವ ಪರೀಕ್ಷೆಯಲ್ಲಿ ಎಚ್‌ಬಿಎಸ್‌ಎಜಿ ಪಾಸಿಟಿವ್ ಬಂದರೆ 'ಅನ್‌ಫಿಟ್'. ಸಾಲ ಮಾಡಿ ಏಜೆಂಟರಿಗೆ ಹಣ ಕೊಟ್ಟ ಹುಡುಗ ಆ ಒಂದು ಪದ ಹಿಡಿದುಕೊಂಡು ಮನೆಗೆ ಬರುತ್ತಾನೆ. ಇದು ಏನು ರೋಗ, ಮುಂದೆ ಯಾವ ಡಾಕ್ಟರರನ್ನು ನೋಡಬೇಕು, ಮನೆಯವರಿಗೆ ಪರೀಕ್ಷೆ ಬೇಕೇ ಎಂದು ಹೇಳುವವರು ಇಲ್ಲದಿದ್ದರೆ ಅವನು ಏನು ಮಾಡಬೇಕು? ನಾಚಿಕೆಯಿಂದ ಯಾರಿಗೂ ಹೇಳುವುದಿಲ್ಲ. ಯಾರೋ ಹೇಳಿದ ಕಾಮಾಲೆಯ ನಾಟಿ ಮದ್ದು ಕುಡಿಯುತ್ತಾನೆ. ಮೈಯಲ್ಲಿ ಏನೂ ತೊಂದರೆ ಕಾಣದ ಕಾರಣ ಗುಣವಾಯಿತೆಂದು ತಿಳಿಯುತ್ತಾನೆ. ಹದಿನೈದು ವರ್ಷ ಕಳೆದು, ಹೆಂಡತಿ ಮಕ್ಕಳಿರುವ ಕಾಲಕ್ಕೆ ಲಿವರ್ ಕೈಕೊಡಬಹುದು.

ಅದೇ ರಕ್ತ, ಅದೇ ಪರೀಕ್ಷೆ. ಆದರೆ ಕೇಳಿದ ಪ್ರಶ್ನೆ ಬೇರೆ. 'ಈ ವ್ಯಕ್ತಿಯನ್ನು ಒಳಗೆ ಬಿಡಬೇಕೇ ಬೇಡವೇ' ಎಂದು ಕೇಳುವ ಪರೀಕ್ಷೆ ಬಾಗಿಲು ಮುಚ್ಚುತ್ತದೆ. 'ಈ ವ್ಯಕ್ತಿಗೆ ಏನು ಬೇಕು' ಎಂದು ಕೇಳುವ ಪರೀಕ್ಷೆ ಬಾಗಿಲು ತೆರೆಯುತ್ತದೆ. ಅಮೆರಿಕಕ್ಕೆ ಕಳುಹಿಸುವ ನಿರಾಶ್ರಿತರ ಆರೋಗ್ಯ ತಪಾಸಣೆಯಲ್ಲಿ ಹೆಪಟೈಟಿಸ್ ಬಿ ಪ್ರವೇಶ ನಿರಾಕರಿಸುವ ರೋಗಗಳ ಪಟ್ಟಿಯಲ್ಲಿ ಇರಲಿಲ್ಲ. ಪಾಸಿಟಿವ್ ಬಂದವರಿಗೆ ಮುಂದಿನ ಆರೈಕೆ ಸಿಗಲಿ ಎಂಬುದೇ ಅಲ್ಲಿ ಉದ್ದೇಶವಾಗಿತ್ತು. ನಿರಾಶ್ರಿತರಲ್ಲಿ ತಪಾಸಣೆ ಮಾಡುವವರು ಈ ವ್ಯತ್ಯಾಸವನ್ನು ಮೊದಲು ತಿಳಿದಿರಬೇಕು. ಮನೆ, ದೇಶ ಎರಡನ್ನೂ ಕಳೆದುಕೊಂಡವರಿಗೆ ರಕ್ತ ತೆಗೆಯಲು ಬಂದವರನ್ನು ಕಂಡರೆ ಹೆದರಿಕೆಯಾಗುವುದು ಸಹಜ. 'ಪಾಸಿಟಿವ್ ಬಂದರೆ ನಮ್ಮನ್ನು ವಾಪಸು ಕಳುಹಿಸುತ್ತಾರೋ, ಮಗುವನ್ನು ಶಾಲೆಯಿಂದ ತೆಗೆಯುತ್ತಾರೋ' ಎಂಬ ಪ್ರಶ್ನೆಗೆ ಉತ್ತರ ಕೊಟ್ಟ ಮೇಲೆಯೇ ಸೂಜಿ ಹಿಡಿಯಬೇಕು.

ಪಾಸಿಟಿವ್ ಬಂದರೆ ಮುಂದೇನು?

ಪಾಸಿಟಿವ್ ಬಂದವರೆಲ್ಲರಿಗೂ ಕೂಡಲೇ ಮಾತ್ರೆ ಬೇಕೆಂದಿಲ್ಲ. ಲಿವರ್‌ನ ಕೆಲಸ ಹೇಗಿದೆ, ರಕ್ತದಲ್ಲಿ ವೈರಸ್ ಎಷ್ಟಿದೆ, ಲಿವರ್ ಗಟ್ಟಿಯಾಗಿದೆಯೇ ಎಂದು ನೋಡಿ ವೈದ್ಯರು ನಿರ್ಧರಿಸುತ್ತಾರೆ. ಬೇಕಾದವರಿಗೆ ದಿನಕ್ಕೊಂದು ಮಾತ್ರೆ, ಸಾಮಾನ್ಯವಾಗಿ ಟೆನೊಫೊವಿರ್ ಅಥವಾ ಎಂಟೆಕಾವಿರ್. ಇದು ವೈರಸ್‌ನ್ನು ಬೇರುಸಮೇತ ಕೀಳುವುದಿಲ್ಲ, ಅದರ ಕೈಕಟ್ಟಿ ಹಾಕುತ್ತದೆ. ಹೆಚ್ಚಿನವರು ವರ್ಷಾನುಗಟ್ಟಲೆ ತೆಗೆದುಕೊಳ್ಳಬೇಕು. ವೈದ್ಯರನ್ನು ಕೇಳದೆ ತಟ್ಟನೆ ನಿಲ್ಲಿಸಿದರೆ ರೋಗ ಕೆರಳಿ ಜೀವಕ್ಕೇ ಅಪಾಯವಾಗಬಹುದು. ಮಾತ್ರೆ ಬೇಡವಾದವರೂ ನಿಯಮಿತವಾಗಿ ಪರೀಕ್ಷೆ ಮಾಡಿಸಿಕೊಳ್ಳುತ್ತಿರಬೇಕು. ಮದ್ಯಪಾನ ಬಿಡಬೇಕು.

ಭಾರತ ಸರಕಾರ 2018ರ ಜುಲೈ 28ರಂದು ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ ಆರಂಭಿಸಿತು. ಇದರಡಿ ಗೊತ್ತುಪಡಿಸಿದ ಸರಕಾರಿ ಆಸ್ಪತ್ರೆಗಳಲ್ಲಿ ಪರೀಕ್ಷೆ ಮತ್ತು ಔಷಧಿ ಉಚಿತ. ಮಕ್ಕಳಿಗೆ ಹುಟ್ಟಿದಾಗ ಒಂದು ಡೋಸ್, ಆಮೇಲೆ 6, 10, 14ನೇ ವಾರಗಳಲ್ಲಿ ಪೆಂಟಾವಲೆಂಟ್ ಲಸಿಕೆಯ ಒಳಗೇ ಹೆಪಟೈಟಿಸ್ ಬಿ ಲಸಿಕೆ ಸಿಗುತ್ತದೆ. ಆದರೆ ದೇಶದ ಎಲ್ಲ ಕಡೆ ಈ ಲಸಿಕೆ ಸರಕಾರದ ಕಾರ್ಯಕ್ರಮಕ್ಕೆ ಸೇರಿದ್ದು 2011ರ ಹೊತ್ತಿಗೆ. ಅದಕ್ಕಿಂತ ಮುಂಚೆ ಹುಟ್ಟಿದ ನಮ್ಮಲ್ಲಿ ಅನೇಕರಿಗೆ ಈ ರಕ್ಷಣೆ ಇಲ್ಲ. ಈ ವಿಷಯದಲ್ಲಿ ಟಿಬೆಟನ್ ವಸಾಹತಿನ ಅಜ್ಜಿಗೂ ನಮ್ಮ ಮನೆಯ ಅಜ್ಜಿಗೂ ವ್ಯತ್ಯಾಸವಿಲ್ಲ.

ನಾವು ಏನು ಮಾಡಬಹುದು?

ನಮ್ಮ ಧರ್ಮಕೇಂದ್ರಗಳಲ್ಲಿ ಆರೋಗ್ಯ ಶಿಬಿರಗಳು ನಡೆಯುತ್ತಲೇ ಇರುತ್ತವೆ. ನಮ್ಮ ಸಿಸ್ಟರ್‌ಗಳು, ನರ್ಸ್‌ಗಳು, ಸಮಾಜ ಸೇವಕರು ವಲಸೆ ಕಾರ್ಮಿಕರ ಶೆಡ್‌ಗಳಿಗೆ, ಕೆಲವರು ನಿರಾಶ್ರಿತರ ವಸಾಹತುಗಳಿಗೂ ಹೋಗಿ ಕೆಲಸ ಮಾಡುತ್ತಾರೆ. ಹೆಪಟೈಟಿಸ್ ಬಿ ತಪಾಸಣೆಯನ್ನು ಶಿಬಿರದ ಪಟ್ಟಿಗೆ ಸೇರಿಸುವ ಮುನ್ನ ಈ ಕೆಳಗಿನ ವಿಷಯಗಳನ್ನು ಗಮನಿಸುವುದು ಒಳ್ಳೆಯದು:

1. ಪಾಸಿಟಿವ್ ಬಂದವರನ್ನು ಯಾವ ಆಸ್ಪತ್ರೆಗೆ, ಯಾವ ದಿನ, ಯಾರ ಜೊತೆ ಕಳುಹಿಸುವುದು ಎಂದು ಮೊದಲೇ ನಿಶ್ಚಯಿಸಿರಬೇಕು. ಇದು ಆಗದಿದ್ದರೆ ಪರೀಕ್ಷೆಯನ್ನು ಮುಂದೂಡುವುದೇ ಮೇಲು.

2. ಅವರ ಭಾಷೆ ಬಲ್ಲವರು ಇರಬೇಕು. ಮಕ್ಕಳನ್ನು ದುಭಾಷಿಗಳನ್ನಾಗಿ ಮಾಡಬಾರದು. ತಾಯಿಗೆ ಸೋಂಕಿದೆ ಎಂಬ ಮಾತನ್ನು ಹತ್ತು ವರ್ಷದ ಮಗಳ ಬಾಯಿಂದ ಹೇಳಿಸುವುದು ಸರಿಯಲ್ಲ.

3. ಒಪ್ಪಿಗೆ ಕೇಳಿಯೇ ರಕ್ತ ತೆಗೆಯಬೇಕು. ಬೇಡ ಎಂದವರಿಗೆ ಶಿಬಿರದ ಉಳಿದ ಸೇವೆಯನ್ನು ತಪ್ಪಿಸಬಾರದು.

4. ವರದಿಯನ್ನು ಆ ವ್ಯಕ್ತಿಯ ಕೈಗೇ ಕೊಡಬೇಕು. ಮೈಕಿನಲ್ಲಿ ಹೆಸರು ಕರೆದು ಕೊಡುವುದು, ಹಾಸ್ಟೆಲ್ ವಾರ್ಡನ್‌ಗೆ, ಕಂಟ್ರಾಕ್ಟರರಿಗೆ, ವಾರ್ಡಿನ ಗುರ್ಕಾರರಿಗೆ ಪಟ್ಟಿ ಕೊಡುವುದು ಬೇಡ.

5. ನೆಗೆಟಿವ್ ಬಂದವರಿಗೆ ಲಸಿಕೆಯ ಎಲ್ಲ ಡೋಸ್ ಮುಗಿಯುವ ತನಕ ನೆನಪಿಸುವವರು ಬೇಕು. ಮೊದಲ ಡೋಸ್‌ಗೆ ಸಾಲು ನಿಂತವರು ಮೂರನೆಯದಕ್ಕೆ ಬರುವುದು ಕಡಿಮೆ.

6. ಶಿಬಿರದಲ್ಲಿ ಕೆಲಸ ಮಾಡುವ ಸ್ವಯಂಸೇವಕರು, ರೋಗಿಗಳ ಆರೈಕೆ ಮಾಡುವವರು ತಾವೂ ಲಸಿಕೆ ಹಾಕಿಸಿಕೊಂಡಿರಬೇಕು.

ಇದೆಲ್ಲದರ ಜೊತೆಗೆ ಖರ್ಚಿಲ್ಲದ ಕೆಲಸವೂ ಒಂದಿದೆ. ಸೋಂಕಿರುವವರಿಗೆ ಬೇರೆ ತಟ್ಟೆ, ಬೇರೆ ಲೋಟ ಇಡುವ ಅಭ್ಯಾಸ ಕೆಲವು ಮನೆ, ಹಾಸ್ಟೆಲ್‌ಗಳಲ್ಲಿ ಇನ್ನೂ ಇದೆ. ವೈದ್ಯಕೀಯವಾಗಿ ಅದಕ್ಕೆ ಯಾವ ಕಾರಣವೂ ಇಲ್ಲ. ರೇಜರ್, ಬ್ರಶ್, ಉಗುರು ಕತ್ತರಿ ಬೇರೆ ಇದ್ದರೆ ಸಾಕು. ಇಂಥ ಭಯ ಇರುವ ತನಕ ಪರೀಕ್ಷೆಗೆ ಬರಲು ಜನ ಹಿಂಜರಿಯುತ್ತಾರೆ, ಬಾರದವರಲ್ಲಿ ರೋಗ ಅಡಗಿಯೇ ಇರುತ್ತದೆ. ವಾರ್ಡ್ ಸಭೆಗಳಲ್ಲಿ, ಸಂಘಟನೆಗಳ ಕೂಟಗಳಲ್ಲಿ ಹತ್ತು ನಿಮಿಷ ಈ ವಿಷಯ ಮಾತಾಡಿದರೆ ಗಲ್ಫ್ ಮೆಡಿಕಲ್‌ನಿಂದ ತಲೆತಗ್ಗಿಸಿ ಬಂದ ನಮ್ಮದೇ ಹುಡುಗನಿಗೂ ಧೈರ್ಯ ಬರುತ್ತದೆ.

ಮುಂದಿನ ಬಾರಿ ಬೈಲಕುಪ್ಪೆಗೋ ಮುಂಡಗೋಡಿಗೋ ಹೋದಾಗ ಫೋಟೋ ತೆಗೆಯುವುದರ ಜೊತೆಗೆ ಅಲ್ಲಿಯವರ ಆರೋಗ್ಯದ ಬಗ್ಗೆಯೂ ಎರಡು ಮಾತು ಕೇಳೋಣ. ಮನೆಗೆ ಬಂದ ಮೇಲೆ ಮಕ್ಕಳ ಲಸಿಕೆ ಕಾರ್ಡ್ ತೆಗೆದು ನೋಡೋಣ. ನಾವು ದೊಡ್ಡವರೂ ಒಮ್ಮೆ ಹತ್ತಿರದ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿಕೊಳ್ಳೋಣ. ನಾವೇ ಮಾಡಿಸಿಕೊಂಡ ಪರೀಕ್ಷೆಯನ್ನು ಇನ್ನೊಬ್ಬರಿಗೆ ಹೇಳುವುದು ಸುಲಭ, ಅವರೂ ನಂಬುತ್ತಾರೆ.